ನಾನು ಕತ್ತರಿಸಿ ಅಂಟಿಸಿದ ಚಿತ್ರ

1994ನೇ ಇಸವಿ. ಆ ವರ್ಷದ ಬೇಸಿಗೆಯಲ್ಲಿ ನಾನು ಬಿ.ಎ. ಪಾಸಾದೆ. ನಮ್ಮೂರು ಚಿನಕುರಳಿಯ ಹತ್ತಿರ. ನಮ್ಮ ವಂಶದಲ್ಲಿ ಗಂಡು ಹೆಣ್ಣು ಸೇರಿ ಡಿಗ್ರಿ ಮುಟ್ಟಿದ ಮೊದಲನೆಯವಳು ನಾನು. ಅಪ್ಪ ಇರಲಿಲ್ಲ. ಅಣ್ಣ ಐದನೇ ಕ್ಲಾಸಿಗೇ ಶಾಲೆ ಬಿಟ್ಟು, ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಹಿಡಿದು ನನ್ನನ್ನು ಓದಿಸಿದ. ನಾನೂ ಸುಮ್ಮನೆ ಓದಿದವಳಲ್ಲ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಮೂರು ವರ್ಷ ಪಾಂಡವಪುರಕ್ಕೆ ಹೋಗಿಬಂದೆ. ಹೆಮ್ಮೆ ಇತ್ತು. ಇತ್ತು ಅಂತ ಹೇಳಿಕೊಳ್ಳಲು ಈಗಲೂ ನಾಚಿಕೆಯಿಲ್ಲ.

ಅಣ್ಣನ ಮಗಳು ಭಾಗ್ಯಳಿಗೆ ಆಗ ನಾಲ್ಕು ವರ್ಷ. ರಾತ್ರಿ ನನಗೂ ಅವ್ವನಿಗೂ ನಡುವೆ ಮಲಗುತ್ತಿದ್ದಳು. ನಮ್ಮ ಮೇಷ್ಟರೊಬ್ಬರ ಮನೆಗೆ ಒಮ್ಮೆ ಹೋದಾಗ, ಅವರ ಹೆಂಡತಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಣ್ಣದ ಚಿತ್ರಗಳ ಪುಸ್ತಕ ಓದಿ ಮಲಗಿಸುವುದನ್ನು ನೋಡಿದ್ದೆ. ನಮ್ಮ ಮನೆಯ ಮಗುವಿಗೂ ಹಾಗೆ ಮಾಡಬೇಕು ಅನ್ನಿಸಿತು. ಪಾಂಡವಪುರದ ಅಂಗಡಿಗಳಲ್ಲಿ ಕೇಳಿದೆ. ಮಗ್ಗಿ ಪುಸ್ತಕ ಇತ್ತು, ಕಾಪಿ ಪುಸ್ತಕ ಇತ್ತು. ಅಂಥದ್ದು ಇರಲಿಲ್ಲ.

ನಾನೇ ಮಾಡಿದೆ. ಕಾಲೇಜಿನ ಹಳೆಯ ನೋಟ್‌ಬುಕ್ಕಿನ ಮೇಲೆ ಮೈದಾ ಅಂಟು ಹಾಕಿ ಚಿತ್ರ ಅಂಟಿಸಿದೆ. ಕ್ಯಾಲೆಂಡರಿನ ನವಿಲು, ಬೆಂಕಿಪೊಟ್ಟಣದ ಕುದುರೆ, ಬಿಸ್ಕತ್ತು ಕವರಿನ ಹುಡುಗಿ, ಬೀಜದ ಪ್ಯಾಕೆಟ್ಟಿನ ಮೆಕ್ಕೆಜೋಳ. ಒಂದೊಂದು ಚಿತ್ರದ ಕೆಳಗೆ ಎರಡೆರಡು ಸಾಲು ಕಥೆ ಬರೆದೆ. ಉಂಡ ಮೇಲೆ ದೀಪ ಹತ್ತಿರ ಇಟ್ಟುಕೊಂಡು ಓದುತ್ತಿದ್ದೆ. ಭಾಗ್ಯ ಒಂದು ಪುಟವನ್ನೂ ಹಾರಿಸಲು ಬಿಡುತ್ತಿರಲಿಲ್ಲ.

ಅವ್ವನೂ ಕೇಳುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ನಾನು ಓದುವ ಮೊದಲೇ "ಇದು ಬೆಂಕಿಪೊಟ್ಣ, ಇದು ಬೀಜದ ಪಾಕೀಟು" ಅಂತ ಬೆರಳಿಟ್ಟು ಹೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು. ಅವ್ವ, ಇದು ಪ್ಯಾಕೆಟ್ಟಲ್ಲ, ಕಥೆಯೊಳಗಿನ ಜೋಳ ಅಂತ ತಿದ್ದುತ್ತಿದ್ದೆ.

ಆ ಸಲ ಅರ್ಧ ಎಕರೆಗೆ ಟೊಮೆಟೊ ಹಾಕಿದ್ದೆವು. ಭಾಗ್ಯ ನಮ್ಮ ಹೊಲದ ಹಣ್ಣು ಪುಸ್ತಕದಲ್ಲಿ ಯಾಕಿಲ್ಲ ಅಂತ ದಿನಾ ಹಟ ಮಾಡುತ್ತಿದ್ದಳು. ಟೊಮೆಟೊ ಚಿತ್ರ ಇದ್ದದ್ದು ಒಂದೇ ಕಡೆ, ಗಿಡಕ್ಕೆ ಹೊಡೆಯುವ ಔಷಧಿಯ ರಟ್ಟಿನ ಡಬ್ಬಿಯ ಮೇಲೆ. ಅಣ್ಣ ಅದನ್ನು ಅಟ್ಟದ ಮೇಲೆ ಇಟ್ಟಿದ್ದ. ಒಂದು ಮಧ್ಯಾಹ್ನ ಇಳಿಸಿದೆ. ಒಳಗೆ ಬಿಳಿ ಪುಡಿಯ ಪ್ಲಾಸ್ಟಿಕ್ ಚೀಲ ಅರ್ಧ ಖಾಲಿಯಾಗಿತ್ತು. ಚೀಲವನ್ನು ಹೊರಗೆ ತೆಗೆದು, ಬಾಯಿಗೆ ದಾರ ಕಟ್ಟಿ, ಬಾಗಿಲ ಪಕ್ಕದ ಗೋಡೆಗೂಡಿನಲ್ಲಿ ಇಟ್ಟೆ. ರಟ್ಟಿನ ಚಿತ್ರ ಕತ್ತರಿಸಿಕೊಂಡು ಉಳಿದದ್ದನ್ನು ಒಲೆಗೆ ಹಾಕಿದೆ. ಚೀಲದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿತ್ತು, ವಿಷ ಅಂತಲೂ ಇತ್ತು. ಅಷ್ಟು ಸಾಕು, ಆಮೇಲೆ ಬೇರೆ ಡಬ್ಬಿಗೆ ಹಾಕಿ ಮೇಲಿಡೋಣ ಅಂದುಕೊಂಡೆ.

ಅಂದು ಸಂಜೆಯಿಂದ ಭಾಗ್ಯಳಿಗೆ ಭೇದಿ ಶುರುವಾಯಿತು. ಸುಸ್ತಾಗಿ ಬೇಗ ಮಲಗಿಬಿಟ್ಟಳು. ಪುಸ್ತಕ ತೆಗೆಯಲೇ ಇಲ್ಲ. ಟೊಮೆಟೊ ಪುಟವನ್ನು ಅವಳೂ ನೋಡಲಿಲ್ಲ, ಅವ್ವನೂ ನೋಡಲಿಲ್ಲ. ಚೀಲ ಎತ್ತಿಡುವುದು ನನಗೂ ಮರೆತುಹೋಯಿತು. ಮಾರನೆಯ ದಿನ ಬೆಳಗ್ಗೆ ಮಾರ್ಕ್ಸ್ ಕಾರ್ಡ್ ತರಲು ಪಾಂಡವಪುರದ ಬಸ್ಸು ಹತ್ತಿದೆ.

ನಮ್ಮೂರಿಗೆ ಬರುವ ನರ್ಸಮ್ಮ ಭೇದಿಗೆ ನೀರಿಗೆ ಕಲಸಿ ಕುಡಿಸುವ ಪುಡಿ ಕೊಟ್ಟು ಹೋಗುತ್ತಿದ್ದರು. ಒಡೆದ ಪೊಟ್ಟಣವನ್ನು ಅವ್ವ ಹೀಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಕಟ್ಟಿ, ಅದೇ ಗೂಡಿನಲ್ಲಿ ಇಡುತ್ತಿದ್ದಳು. ನಶ್ಯ ಹಾಕಿ ಹಾಕಿ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಅಣ್ಣ ಕ್ವಾರಿಗೂ ಅತ್ತಿಗೆ ಹೊಲಕ್ಕೂ ಹೋಗಿದ್ದರು. ಅವ್ವ ಒಂದು ಲೋಟ ಕಲಸಿದಳು. ಭಾಗ್ಯ ಕಹಿ ಅಂದಳಂತೆ. ಕುಡಿದರೆ ಅತ್ತೆ ಬಂದು ಕಥೆ ಓದುತ್ತಾಳೆ ಅಂತ ಅವ್ವ ಪುಸಲಾಯಿಸಿದಳಂತೆ.

ನಾನು ಬಸ್ಸಿಳಿಯುವ ಹೊತ್ತಿಗೆ ಅಣ್ಣ ಮಗುವನ್ನು ಹೆಗಲಿಗೆ ಹಾಕಿಕೊಂಡು ರೋಡಿಗೆ ಓಡಿ ಬರುತ್ತಿದ್ದ. ಹಿಂದೆ ಅತ್ತಿಗೆ, ಅವಳ ಹಿಂದೆ ಅವ್ವ. ಭಾಗ್ಯಳ ಬಾಯಲ್ಲಿ ನೊರೆ. ಜಲ್ಲಿ ತುಂಬಿದ ಲಾರಿಯೊಂದನ್ನು ನಿಲ್ಲಿಸಿ ಎಲ್ಲರೂ ಹತ್ತಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ಪಾಪೆ ನೋಡಿದ ತಕ್ಷಣ ಏನು ಕುಡಿಸಿದಿರಿ ಅಂತ ಕೇಳಿದರು. ಅವ್ವ ನರ್ಸಮ್ಮನ ಪುಡಿ ಅಂದಳು. ಸೆರಗಿನ ಗಂಟು ಬಿಚ್ಚಿ ಚೀಲವನ್ನು ನನ್ನ ಕೈಗೆ ಕೊಟ್ಟಳು. ಮನೆಯಲ್ಲಿ ಇಂಗ್ಲಿಷ್ ಓದಲು ಬರುವವಳು ನಾನೇ ತಾನೇ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಆ ಇಂಗ್ಲಿಷ್ ಹೆಸರನ್ನು ತಪ್ಪಿಲ್ಲದೆ ಓದಿದೆ.

ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಸೂಜಿ ಮೇಲೆ ಸೂಜಿ ಚುಚ್ಚಿದರು, ಹೊಟ್ಟೆ ತೊಳೆದರು. ಆಮೇಲೆ ಗಾಡಿ ಕೊಟ್ಟು ಮೈಸೂರಿಗೆ ಕಳಿಸಿದರು. ಶ್ರೀರಂಗಪಟ್ಟಣದ ಸೇತುವೆ ಮುಟ್ಟುವ ಮೊದಲೇ ಮಗುವಿನ ಎದೆ ಏಳುವುದು ನಿಂತುಹೋಗಿತ್ತು. ಅತ್ತಿಗೆಗೆ ಗೊತ್ತಾಗಲಿಲ್ಲ. ಮೈಸೂರು ಬರುವವರೆಗೂ ಅವಳು ಸೆರಗಿನಿಂದ ಮಗುವಿಗೆ ಗಾಳಿ ಹಾಕುತ್ತಲೇ ಇದ್ದಳು.

ಮನೆಗೆ ಬಂದ ಮೇಲೆ ಅತ್ತಿಗೆ ಅವ್ವನ ಮುಂದೆ ನಿಂತು, ದನಿ ಏರಿಸದೆ, "ನನ್ ಮಗೀನ ನೀನೇ ತಿಂದ್ಕಂಡ್ಬುಟ್ಟಲ್ಲ ಮುದ್ಕಿ" ಅಂದಳು. ಅಣ್ಣನೂ ಬೈದಿದ್ದರೆ ಅವ್ವನಿಗೆ ಹಗುರಾಗುತ್ತಿತ್ತೇನೋ. ಬಂದವರೆಲ್ಲ ಓದು ಬರಹ ಇಲ್ಲದಿದ್ದರೆ ಇದೇ ಗತಿ, ಓದಿದ ಹುಡುಗಿ ಮನೆಯಲ್ಲಿದ್ದಿದ್ದರೆ ಹೀಗಾಗುತ್ತಿತ್ತೇ ಅಂದುಕೊಂಡು ಹೋದರು. ಪೊಲೀಸಿನವರು ಹೇಳಿಕೆ ಬರೆದುಕೊಂಡರು. ಅದನ್ನು ಅವ್ವನಿಗೆ ಓದಿ ಹೇಳಿದವಳೂ ನಾನೇ. 'ಅವಿದ್ಯಾವಂತೆಯಾದ ನಾನು ತಿಳಿಯದೆ' ಅಂತಿತ್ತು. ಅವ್ವ ಹೆಬ್ಬೆಟ್ಟು ಒತ್ತಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಅವ್ವ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತಿದ್ದಳು. ನಾನು ನೋಟ್‌ಬುಕ್ಕು ತೆಗೆದುಕೊಂಡು ಹೋಗಿ ಆ ಪುಟ ತೆರೆದು ಅವಳ ಮುಂದೆ ಇಟ್ಟೆ. ಅವ್ವ ಚಿತ್ರದ ಮೇಲೆ ಕೈಯಾಡಿಸಿದಳು.

"ಇದು ಇಲ್ಲೈತಾ" ಅಂದಳು.

ನಾನೇ ಕತ್ತರಿಸಿದೆ ಅಂದೆ. ಅವ್ವ ಮೆಲ್ಲಗೆ ಹೇಳಿದಳು: "ಹಣ್ಣಿನ ಚಿತ್ರ ಐತಾ ಅಂತ ಚೀಲ ತಿರುಗ್ಸಿ ಮುರುಗ್ಸಿ ನೋಡ್ದೆ ಕಣ್ ಮಗ. ಇರ್ನಿಲ್ಲ. ಅದ್ಕೇ ಕುಡುಸ್ದೆ."

ಬದುಕಿಡೀ ಅವ್ವ ಹಾಗೇ ಓದಿಕೊಂಡು ಬಂದವಳು. ಸೋಪು, ಬೀಜ, ಗೊಬ್ಬರ, ವಿಷ, ಎಲ್ಲವನ್ನೂ ಚಿತ್ರ ನೋಡಿಯೇ ತಿಳಿಯುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಓದಲು ಬರುತ್ತಿದ್ದ ಒಂದೇ ಎಚ್ಚರಿಕೆಯನ್ನು ನಾನು ಕತ್ತರಿಯಲ್ಲಿ ಕತ್ತರಿಸಿದ್ದೆ. ನನಗೆ ಬರುವ ಅಕ್ಷರವನ್ನು ಮಾತ್ರ ಉಳಿಸಿದ್ದೆ.

ಅಣ್ಣ ಅತ್ತಿಗೆಗೆ ಈಗಲೇ ಹೇಳುತ್ತೇನೆ ಅಂತ ಎದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ಸುಮ್ಕಿರು. ಅವರು ನಿನ್ನ ಮಕ ನೋಡಾಕಿಲ್ಲ ಆಮ್ಯಾಕೆ. ನಾನು ಇವತ್ತೋ ನಾಳೀಕೋ ಹೋಗೋಳು, ಹೊತ್ಕಂಡು ಹೋಯ್ತೀನಿ. ನೀನು ಬಾಳ್ಬೇಕಾದೋಳು."

ತಾಯಿಯ ಮಾತು ಮೀರಬಾರದು ಅಂತ ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿ ಸುಮ್ಮನಾದೆ. ಮಾರನೆಯ ವರ್ಷ ನನಗೆ ಸಂತೆಬಾಚಹಳ್ಳಿ ಕಡೆ ಟೀಚರ್ ಕೆಲಸ ಸಿಕ್ಕಿತು. ಅಣ್ಣ ಊರಿಗೆಲ್ಲ ಸಕ್ಕರೆ ಹಂಚಿದ. ಆಮೇಲೆ ಅತ್ತಿಗೆಗೆ ಗಂಡುಮಗು ಹುಟ್ಟಿತು. ಅದನ್ನು ಎತ್ತಿಕೊಳ್ಳಲು ಅವ್ವನಿಗೆ ಅವಳು ಒಂದು ದಿನವೂ ಬಿಡಲಿಲ್ಲ. ಮಗು ತಾನಾಗಿ ಅಂಬೆಗಾಲಿಕ್ಕಿಕೊಂಡು ಹತ್ತಿರ ಹೋದರೆ ಅವ್ವನೇ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳಂತೆ. ರಜೆಗೆ ಊರಿಗೆ ಹೋದಾಗ ನಾನು ಆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದೆ. ಅವ್ವ ದೂರದಿಂದ ನೋಡುತ್ತಿದ್ದಳು.

ಹೋದ ವರ್ಷ ಅವ್ವ ತೀರಿಕೊಂಡಳು. ಕೊನೆಗೆ ಬಾಯಿಗೆ ನೀರು ಬಿಡು ಅಂದರೆ ಅತ್ತಿಗೆ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಹೊತ್ತುಕೊಂಡು ಹೋಗುತ್ತೇನೆ ಅಂದಿದ್ದಳು ಅವ್ವ. ಆದರೆ ಅವಳು ಹೋದ ಮೇಲೂ ಅದು ಇಲ್ಲೇ ಇದೆ, ನನ್ನ ಹತ್ತಿರ.

ಅತ್ತಿಗೆಗೆ ಓದಲು ಬರುವುದಿಲ್ಲ. ಇದು ಅಚ್ಚಾದ ಮೇಲೆ ಊರಿಗೆ ಹೋಗಿ, ಅವಳ ಎದುರು ಕೂತು, ಒಂದು ಮಾತೂ ಬಿಡದೆ ನಾನೇ ಓದಿ ಹೇಳಬೇಕು.