ಬದುವಿನಲ್ಲಿ ತಿರುಗದ ಆಮೆ

ಗೆಳೆಯರೇ, ಸಂಪಗಾಂವದ ಹೆಂಗಸರಿಗೆ ಪ್ರೋಗ್ರಾಮಿಂಗ್ ಕಲಿಸಲು ಪರದೆಯ ಮೇಲೆ ಆಮೆ ನಡೆಸುವ ಸರಳ ತಂತ್ರಾಂಶ ಆರಿಸಿದ್ದೆ. ಸಹಶಿಕ್ಷಕ ಈರಣ್ಣ ಇವತ್ತು ಮೂಗು ಮುರಿದರು.

"ಇದು ಸಣ್ಣ ಹುಡುಗರ ಆಟಾರಿ. ನನ್ನ ಸಾಫ್ಟ್‌ವೇರ್ ಹಾಕತೇನಿ, ಅರ್ಧಾ ಕೋಡ್ ಅದs ಬರೀತೈತಿ."

ಅವರು ಇನ್‌ಸ್ಟಾಲ್ ಮಾಡುತ್ತ ಕುಳಿತರು. ಇತ್ತ, ಹೊಲ ಬಿತ್ತುವಂತೆ ಸಾಲು ಸಾಲಾಗಿ ನಡೆಯಬೇಕಿದ್ದ, ಕಲಿಯಲು ಬಂದಿದ್ದ ಗಂಗವ್ವನ ಆಮೆ ನೆಟ್ಟಗೆ ಹೋಗಿ ಪರದೆಯಾಚೆ ಮಾಯವಾಯಿತು.

ತಿರುಗುವ ಆಜ್ಞೆಯೇ ಅದರಲ್ಲಿರಲಿಲ್ಲ. "ಹೊಳ್ಳು ಅಂತ ಯಾಕ ಬರೀಲಿಲ್ರಿ?" ಎಂದೆ.

"ಬದುವಿಗೆ ಬಂದ್ರ ಎತ್ತು ತಾವs ಹೊಳ್ಳತಾವಲ್ರಿ!"

ಈರಣ್ಣ ಜೋರಾಗಿ ನಕ್ಕರು. ಗಂಗವ್ವ ನಗಲಿಲ್ಲ. 'ಹೊಳ್ಳು' ಎಂಬ ಒಂದು ಸಾಲು ಕೋಡ್ ಸೇರಿಸಿ ಆಮೆಯನ್ನು ತಿರುಗಿಸಿದರು, ಇಡೀ ಹೊಲ ಮುಗಿಸಿದರು.

ಹೊರಡುವಾಗ ಈರಣ್ಣನ ಪರದೆಯಲ್ಲಿ ಇನ್ನೂ ಇನ್‌ಸ್ಟಾಲ್‌ನ ಚಕ್ರ ಸುತ್ತುತ್ತಿತ್ತು. ಗಂಗವ್ವ ಬಗ್ಗಿ ನೋಡಿದರು:

"ಸರ, ನಿಮ್ಮ ಎತ್ತು ಇನ್ನೂ ಕೊಟ್ಟಿಗ್ಯಾಗs ಅದಾವೇನ್ರಿ?"