ಕುಂಕುಮದಡಿಯ ತುಕ್ಕು

ನಾನು ಪ್ಲಂಬರು, ಆದ್ರೂ ಪೈಪಿನ ತುಕ್ಕು ತೆಗೀಬೇಕು ಅಂದ್ರೆ ಈಗ ನನಗೆ ಕೈಯೇ ಏಳಲ್ಲ. ಅದಕ್ಕೆ ಕಾರಣ ತಿಪ್ಪಸಂದ್ರದ ಒಬ್ಬರು ಅಜ್ಜಿ.

"ನಾಳೆ ಗೌರಿ ಹಬ್ಬ, ಗಂಗೆ ಪೂಜೆ ಈ ನಲ್ಲಿ ಅತ್ರಾನೇ ಮಾಡೋದು. ಪೈಪು ಒಸಿ ಉಜ್ಜಿಕೊಡಪ್ಪ, ತುಕ್ಕಿಡ್ದೈತೆ" ಅಂದ್ರು.

ಅಂಗಳದ ಆ ಕಬ್ಬಿಣದ ಪೈಪಿಗೆ ವರ್ಷಗಟ್ಟಲೆ ಹಚ್ಚಿದ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಕುಂಕುಮ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗ್ತದೋ ತಿಳೀತಿರಲಿಲ್ಲ. ತಂತಿ ಬ್ರಷ್ ಹಿಡಿದು ಎರಡನ್ನೂ ಒಟ್ಟಿಗೆ ಕೆರೆದು ಹಾಕಿದೆ. ಪೈಪು ಫಳಫಳ ಹೊಳೀತು.

"ಮದ್ವೆ ಹೆಣ್ಣಂಗೆ ಕಾಣ್ತೈತೆ ಕಣಪ್ಪ" ಅಂದ್ರು ಅಜ್ಜಿ. ನನಗೂ ಜಂಬ ಬಂತು.

ಮಧ್ಯಾಹ್ನ ನೀರು ಬಿಟ್ಟರು. ನಲ್ಲಿ ತಲುಪೋ ಮೊದಲೇ ಪೈಪಿನ ಐದಾರು ಕಡೆ ನೀರು ಚಿಮ್ಮಿತು. ಒಂದು ತೂತು ಒತ್ತಿ ಹಿಡಿದರೆ ಪಕ್ಕದಲ್ಲಿ ಇನ್ನೊಂದು. ಅಂಗಳವೆಲ್ಲ ಕೆಸರಾಯಿತು, ಅಜ್ಜಿಯ ಕೊಡದಲ್ಲಿ ಬೊಗಸೆ ನೀರಿಲ್ಲ. ಮತ್ತೆ ನೀರು ಬಿಡೋದು ನಾಲ್ಕು ದಿನಕ್ಕೆ.

"ಇದೇನಪ್ಪ ಮಾಡ್ಬುಟ್ಟೆ?"

"ಪೈಪು ಯಾವತ್ತೋ ಸತ್ತೋಗೈತೆ ಅಜ್ಜಿ. ತುಕ್ಕು, ಕುಂಕುಮ ಸೇರ್ಕೊಂಡು ನೀರು ತಡೆದಿದ್ವು."

"ತಡೆದಿದ್ವಲ್ಲ, ಅವನ್ನ ಅಂಗೇ ಬುಡಬಾರ್ದಾಗಿತ್ತಾ?"

ಹಳೇ ಸೈಕಲ್ ಟ್ಯೂಬ್ ಸೀಳಿ ಪೈಪಿನ ಉದ್ದಕ್ಕೂ ಬಿಗಿಯಾಗಿ ಸುತ್ತಿದೆ. ಅಜ್ಜಿ ಒಳಗೆ ಹೋಗಿ ಅರಿಶಿನ ಕುಂಕುಮ ತಂದು, ಕಲಸಿ, ಟ್ಯೂಬಿನ ಮೇಲೆ ದಪ್ಪಗೆ ಮೆತ್ತಿ ಕಣ್ಮುಚ್ಚಿ ಕೈಮುಗಿದರು.

ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರಾದರೂ ಕೈಮುಗಿದದ್ದು ಅದೊಂದೇ ಸಲ. ಅದೂ ಆ ಕೆಲಸದ ಮೇಲೆ ನಂಬಿಕೆ ಇಲ್ಲದ್ದಕ್ಕೆ.