ಮರಳಿನ ಚೀಲಗಳ ನಡುವೆ ಖಾಲಾ

ಕಳೆದ ವಾರ ನನ್ನ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಆಪರೇಷನ್ನಿಗೆ ಮುಂಚೆ ನರ್ಸ್ ಕಣ್ಣಿನ ಸುತ್ತ ಕಂದು ಬಣ್ಣದ ಔಷಧಿ ಸವರಿದಳು. ಆ ಅಯೋಡಿನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ಶಾಲೆಯೊಂದರ ಕೋಣೆ, ಸಾಲು ಮಂಚ, ಒಂದರ ಮೇಲೆ ಅಲುಗಾಡದೆ ಮಲಗಿದ್ದ ಖಾಲಾ...

ಶಿರಾಳಕೊಪ್ಪದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ನನಗೆ ಹೊಲಿಗೆ ಕಲಿಸಿದವರು. ಖಾಲಾ ಎಂದರೆ ಚಿಕ್ಕಮ್ಮ. ಮಕ್ಕಳಿಲ್ಲದ ಆ ಮನೆಗೆ ನಾನೇ ಮಗಳಂತಿದ್ದೆ. ಐವತ್ತು ದಾಟುತ್ತಲೇ ಎರಡೂ ಕಣ್ಣಿಗೆ ಪೊರೆ ಬಂದು, ಬಟ್ಟೆಯ ಅಂಚನ್ನು ಬೆರಳಲ್ಲೇ ತಡವಿ ಹೊಲಿಯುತ್ತಿದ್ದರು. ಆಪರೇಷನ್ ಎಂದರೆ ಭಯ. ಅವರ ಅಜ್ಜಿಗೆ ಊರೂರು ತಿರುಗುವ ವೈದ್ಯನೊಬ್ಬ ಸೂಜಿಯಿಂದ ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ತಳ್ಳಿದ್ದನಂತೆ. ಕೆಲವು ತಿಂಗಳು ಕಂಡು, ಆಮೇಲೆ ಪೂರ್ತಿ ಕತ್ತಲೆ. ಶಿಕಾರಿಪುರದ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಾಗ ಅವರ ಗಂಡ, ನಮ್ಮ ಚಾಚಾ, ಹೇಗೋ ಒಪ್ಪಿಸಿದರು. ಚಾಚಾಗೆ ಎದೆನೋವು; ಹಾಗಾಗಿ ಜೊತೆಗೆ ಹೋದವಳು ನಾನು. ಹತ್ತೊಂಬತ್ತು ವರ್ಷ ನನಗೆ.

ಆಗೆಲ್ಲ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಕಣ್ಣು; ಅದಕ್ಕೆ ಹೊಲಿಗೆ ಹಾಕಿ, ಎರಡೂ ಕಣ್ಣು ಮುಚ್ಚಿ ಪಟ್ಟಿ ಕಟ್ಟಿ, ತಲೆಯ ಆಚೀಚೆ ಮರಳಿನ ಚೀಲ ಇಡುತ್ತಿದ್ದರು. ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ಅಳುವಂತಿಲ್ಲ.

ಎರಡನೇ ದಿನ ಖಾಲಾ ಅವರ ಮೈದುನ ಬಂದು ನನ್ನನ್ನು ಹೊರಗೆ ಕರೆದರು. ಬೆಳಿಗ್ಗೆ ಚಾಚಾ ತೀರಿಕೊಂಡಿದ್ದರು. ಸಂಜೆಯೊಳಗೆ ಮಣ್ಣು.

"ಪಟ್ಟಿ ಬಿಚ್ಚೋ ತನಕ ಹೇಳಬೇಡಮ್ಮಾ. ಅತ್ತರೆ ಕಣ್ಣು ಹೋಗ್ತದೆ. ಡಾಕ್ಟ್ರೂ ಅದೇ ಅಂದ್ರು," ಎಂದವರೇ ಬಸ್ಸಿಗೆ ಓಡಿದರು.

ಒಳಗೆ ಬಂದೆ. ನನ್ನ ಹೆಜ್ಜೆ ಸಪ್ಪಳಕ್ಕೆ ಖಾಲಾ ಕೇಳಿದರು, "ಊರಿಂದ ಯಾರಾದ್ರೂ ಬಂದಿದ್ರಾ? ಅವರು ಹೇಗಿದಾರಂತೆ?"

"ಆರಾಮಿದಾರೆ. ಗಂಜಿ ಕುಡಿದ್ರಂತೆ."

ಮೂರು ದಿನ, ದಿನಕ್ಕೆ ಹತ್ತು ಸಲ ಅದೇ ಪ್ರಶ್ನೆ. ಅವರು ಆ ಚೀಲಗಳ ನಡುವೆ ಸಿಕ್ಕಿಬಿದ್ದಿದ್ದರೆ ನಾನು ನನ್ನ ಸುಳ್ಳಿನಲ್ಲಿ ಸಿಕ್ಕಿಬಿದ್ದಿದ್ದೆ. ಎದ್ದು ಹೋಗೋಣವೆಂದರೆ, ನನ್ನ ಮಣಿಕಟ್ಟು ಹಿಡಿದೇ ಮಲಗುತ್ತಿದ್ದರು. ಒಮ್ಮೆ, ಬೇರೆಯವರು ಮಾಡಿದ ಅಡುಗೆಗೆ ಚಾಚಾ ಬಯ್ಯುತ್ತಿದ್ದಾರಂತೆ ಎಂದೂ ಕಟ್ಟಿ ಹೇಳಿ ನಗಿಸಿದೆ. ಅದೇಕೆ ಹಾಗೆ ಹೇಳಿದೆನೋ...

ಪಟ್ಟಿ ಬಿಚ್ಚಿದ ದಿನ ದಪ್ಪ ಗಾಜಿನ ಕನ್ನಡಕ ಇಟ್ಟು ನೋಡಿಸಿದರು. ಮೊದಲು ಕಂಡದ್ದು ನನ್ನ ಮುಖ. ನಾನು ತಲೆ ತಗ್ಗಿಸಿದೆ. ಬಹಳ ಹೊತ್ತು ನೋಡಿ, "ಯಾವಾಗ?" ಎಂದರು.

"ಮೂರು ದಿನ ಆಯ್ತು ಖಾಲಾ."

"ನಿನ್ನೆ ಗಂಜಿ ಕುಡಿದ್ರು ಅಂದ್ಯಲ್ಲ, ಬೇಟಿ."

ನರ್ಸ್ ಓಡಿ ಬಂದು "ಅಳಬೇಡ್ರೀ" ಎಂದಳು. ಅವರು ಅಳಲಿಲ್ಲ. ಸೆರಗಿನ ತುದಿ ಕಚ್ಚಿಕೊಂಡು ಕೂತರು.

ಕಣ್ಣು ಉಳಿಯಿತು. ಆದರೆ ಆ ಕನ್ನಡಕದಲ್ಲಿ ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ಪಕ್ಕದಿಂದ ಬಂದವರು ತಟ್ಟನೆ ಎದುರಿಗೆ ಹಾರಿದಂತಾಗಿ ಖಾಲಾ ಬೆಚ್ಚುತ್ತಿದ್ದರು. ಸಂತೆಗೆ ಹೋಗುವುದನ್ನೇ ಬಿಟ್ಟರು. ನನ್ನ ಮದುವೆಯ ರವಿಕೆ ಅವರೇ ಹೊಲಿದುಕೊಟ್ಟರು. ಆ ಮೂರು ದಿನದ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ನಾನು ಮದುವೆಯಾಗಿ ಸೊರಬಕ್ಕೆ ಬಂದು ಎಷ್ಟೋ ವರ್ಷದ ಮೇಲೆ, ಲೆನ್ಸ್ ಕೂರಿಸಿ ಅದೇ ದಿನ ಮನೆಗೆ ಕಳಿಸುವ ಕಾಲ ಬಂತು. ಖಾಲಾರ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯಲು ಹೋದೆ.

"ಈಗ ಹಾಗೆಲ್ಲ ಮಲಗಿಸಲ್ಲ ಖಾಲಾ. ಸಂಜೆಗೆ ಮನೆ."

"ನೀನು ಹೇಳ್ತಿ," ಎಂದರು. ಮೆಲ್ಲಗೆ, ಸಿಟ್ಟಿಲ್ಲದೆ. ಬರಲಿಲ್ಲ. ಆ ಕಣ್ಣು ಹಾಗೇ ಮುಚ್ಚಿತು. ನಾಲ್ಕು ವರ್ಷಕ್ಕೆ ಅವರೂ...

ನನ್ನದು ಹದಿನೈದು ನಿಮಿಷದಲ್ಲಿ ಮುಗಿಯಿತು. ಈಗ ಕ್ಯಾಲೆಂಡರಿನ ಸಣ್ಣ ಅಕ್ಷರವೂ ಕಾಣುತ್ತದೆ. ಅಂದು ನಿಜ ಹೇಳಿದ್ದರೆ ಅವರ ಕಣ್ಣು ಹೋಗುತ್ತಿತ್ತೇನೋ, ಗೊತ್ತಿಲ್ಲ. ತಪ್ಪಾಯಿತು ಎಂದು ಒಮ್ಮೆಯಾದರೂ ಅನ್ನಬೇಕಿತ್ತು. ಶಿರಾಳಕೊಪ್ಪದ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.